ಹೊಯ್ಸಳ ನಾಡಿನ ವಿದ್ಯಾಸ್ಥಾನಗಳು

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೊರಟ ರೈಲು ತಿಪಟೂರಿನ ತೆಂಗಿನ ತೋಟಗಳನ್ನು ದಾಟಿ ಅರಸೀಕೆರೆಯಲ್ಲಿ ನಿಂತಾಗ, ಹಾಸನದ ದಾರಿ ಹಿಡಿಯುವವರು ಗಂಟುಮೂಟೆಗಳೊಡನೆ ಇಳಿಯುತ್ತಾರೆ. ಅವರಲ್ಲಿ ಬಹುಮಂದಿಗೆ ಅರಸೀಕೆರೆ ಎಂದರೆ ಗಾಡಿ ಬದಲಾಯಿಸುವ ಜಂಕ್ಷನ್, ತೆಂಗಿನಕಾಯಿ ಕೊಬ್ಬರಿಗಳ ಪೇಟೆ, ಅಷ್ಟೇ. ಶಿಲ್ಪವನ್ನು ನೋಡಬಯಸಿ ಬಂದವರೂ ಬೇಲೂರು ಹಳೇಬೀಡುಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಅವಸರದಿಂದ ಬಸ್ಸು ಹತ್ತುತ್ತಾರೆ. ಈ ಮೂರು ಊರುಗಳನ್ನು ಗುಡಿಗಳ ಊರುಗಳೆಂದು ಕೊಂಡಾಡಿದವರು ಅನೇಕರು. ಇವು ಒಂದು ಕಾಲಕ್ಕೆ ಓದಿನ ಊರುಗಳೂ ಆಗಿದ್ದುವೆಂಬುದನ್ನು ನೆನೆಯುವವರು ವಿರಳ. ಇಂದಿನ ಖಾಸಗಿ ಕಾಲೇಜೊಂದಕ್ಕೆ ಏನೇನು ಬೇಕೋ ಅದೆಲ್ಲವೂ, ಮೂಲಧನ, ಆಡಳಿತ ಮಂಡಳಿ, ಉಪಾಧ್ಯಾಯರು, ಪಾಠಕ್ರಮ, ಊಟ ವಸತಿ, ರಜೆಯ ದಿನಗಳು ಸಹ, ಎಂಟುನೂರು ವರ್ಷಗಳ ಹಿಂದೆ ಈ ಸೀಮೆಯಲ್ಲಿ ತಮ್ಮದೇ ಆದ ರೀತಿಯಲ್ಲಿ ಇದ್ದುವು. ಅವುಗಳ ಗುರುತುಗಳು ಇನ್ನೂ ಅಳಿದಿಲ್ಲ.

ಅರಸಿಯ ಕೆರೆ

ಹೊಯ್ಸಳರ ರಾಣಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಅರಸಿಯಕೆರೆ ಎಂಬ ಹೆಸರು ಬಂದಿತೆಂದು ಪ್ರತೀತಿ. ಇದಕ್ಕೆ ಉದ್ಭವ ಸರ್ವಜ್ಞ ವಿಜಯ ಎಂದೂ ಬಲ್ಲಾಳಪುರವೆಂದೂ ಹೆಸರುಗಳಿದ್ದುವು. ಸರ್ವಜ್ಞ ಎಂಬ ಬಿರುದನ್ನು ಊರಿಗೇ ಇಟ್ಟ ಕಾಲದವರು ವಿದ್ಯೆಗೆ ಎಂಥ ಗೌರವ ಕೊಟ್ಟಿದ್ದಿರಬೇಕು!

ಅರಸೀಕೆರೆ ಒಂದು ಅಗ್ರಹಾರ. ಅಗ್ರಹಾರವೆಂದರೆ ಬರಿಯ ಬ್ರಾಹ್ಮಣರ ಬೀದಿಯಲ್ಲ, ಅದೊಂದು ಸಂಸ್ಥೆ. ಅರಸನೋ ಅವನ ದಂಡನಾಯಕನೋ ಹಳ್ಳಿಯೊಂದನ್ನು ತೆರಿಗೆಯಿಲ್ಲದ ಮಾನ್ಯವಾಗಿ ಬಿಟ್ಟುಕೊಡುತ್ತಿದ್ದನು. ಅದರ ಭೂಮಿಯನ್ನು ವೃತ್ತಿಗಳೆಂಬ ಪಾಲುಗಳಾಗಿ ಹಂಚಲಾಗುತ್ತಿದ್ದಿತು. ವೃತ್ತಿಯುಳ್ಳವರು ಮಹಾಜನರು. ಊರಿನ ಲೆಕ್ಕಪತ್ರ, ನ್ಯಾಯ, ದೇವಾಲಯದ ಸೇವೆ, ಕೆರೆಯ ದುರಸ್ತಿ ಎಲ್ಲವೂ ಈ ಮಹಾಜನರ ಕೈಯಲ್ಲಿದ್ದುವು. ವೇದಶಾಸ್ತ್ರಗಳನ್ನು ಹೇಳುವ ಪಂಡಿತರಿಗೆ ಭಟ್ಟವೃತ್ತಿ. ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವವರಿಗೆ ಬಾಲಶಿಕ್ಷೆಯ ವೃತ್ತಿ. ಶಿಷ್ಯನು ಶುಲ್ಕ ಕೊಡಬೇಕಾಗಿರಲಿಲ್ಲ. ಗುರುವಿನ ಮನೆಯಲ್ಲೋ ಛತ್ರದಲ್ಲೋ ಉಂಡು, ಗುರುವಿನ ಬಾಯಿಂದ ಕೇಳಿ, ಬಾಯಿಪಾಠ ಮಾಡಿ, ಓಲೆಗರಿಯ ಮೇಲೆ ಕಂಟದಿಂದ ಬರೆದುಕೊಂಡು ಕಲಿಯುತ್ತಿದ್ದನು. ಪಾಡ್ಯ, ಅಷ್ಟಮಿ, ಚತುರ್ದಶಿಗಳು ಅನಧ್ಯಯನ. ಭಾನುವಾರಕ್ಕಾಗಿ ಕಾಯುವ ಇಂದಿನ ಹುಡುಗನಂತೆ ಅಂದಿನ ಹುಡುಗನೂ ತಿಥಿ ಎಣಿಸುತ್ತಿದ್ದಿರಬೇಕು.

ಹೀಗೆ ನೋಡಿದರೆ ಆ ವಿದ್ಯಾಲಯದ ನಿಜವಾದ ಬಂಡವಾಳ ಕೆರೆಯ ನೀರು. ಕೆರೆ ತುಂಬಿದರೆ ಗದ್ದೆ, ಗದ್ದೆ ಬೆಳೆದರೆ ವೃತ್ತಿ, ವೃತ್ತಿ ನಡೆದರೆ ಪಾಠ. ಹಳೇಬೀಡಿನ ಮೊದಲ ಹೆಸರಾದ ದೋರಸಮುದ್ರವೂ ಒಂದು ಕೆರೆಯ ಹೆಸರೇ, ಬೇಲೂರಿಗೂ ವಿಷ್ಣುಸಮುದ್ರವಿದೆ. ಮೂರು ಊರುಗಳು, ಮೂರು ಕೆರೆಗಳು.

ಅರಸೀಕೆರೆಯ ಈಶ್ವರ ದೇವಾಲಯವನ್ನು ಕಟ್ಟಿದ್ದು 1220ರ ಸುಮಾರಿನಲ್ಲಿ. ಗರ್ಭಗುಡಿಯ ಎದುರಿಗಿರುವ ಅದರ ತೆರೆದ ಮಂಟಪ ನಕ್ಷತ್ರಾಕಾರದ್ದು. ಮೇಲೆ ಗುಮ್ಮಟದಂಥ ಭುವನೇಶ್ವರಿ, ಸುತ್ತ ಕಡೆದ ಕಂಬಗಳು, ಅಂಚಿನುದ್ದಕ್ಕೂ ಕುಳಿತುಕೊಳ್ಳಲು ಕಲ್ಲಿನ ಜಗಲಿ. ಬಿಸಿಲಿಲ್ಲ, ಗಾಳಿಗೆ ತಡೆಯಿಲ್ಲ; ಒಬ್ಬನು ನಡುವೆ ನಿಂತು ಮಾತನಾಡಿದರೆ ಸುತ್ತಲಿನವರೆಲ್ಲರಿಗೂ ಮುಖ ಕಾಣುತ್ತದೆ. ಪುರಾಣ ಶ್ರವಣಕ್ಕಾಗಲಿ, ತರ್ಕದ ವಾದಕ್ಕಾಗಲಿ ಇದಕ್ಕಿಂತ ಒಳ್ಳೆಯ ಸಭಾಂಗಣವನ್ನು ಇಂದಿನ ಎಂಜಿನಿಯರು ಕಟ್ಟಿಕೊಡುವುದು ಕಷ್ಟ. ಅದೇ ಕಾಲದಲ್ಲಿ ಅದೇ ಊರಿನಲ್ಲಿ ದಂಡನಾಯಕ ರೇಚರಸನು ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದನು. ಶೈವರ ಗುಡಿಯೂ ಜೈನರ ಬಸದಿಯೂ ಒಂದೇ ಊರಿನ ನೆರಳಿನಲ್ಲಿ ನಿಂತುವು. ಭಿನ್ನ ಸಿದ್ಧಾಂತದವರು ನೆರೆಹೊರೆಯಲ್ಲಿದ್ದ ಕಡೆ ವಾದಕ್ಕೆ ಬರವಿಲ್ಲ. ವಾದವಿದ್ದ ಕಡೆ ಓದಿಗೂ ಬರವಿಲ್ಲ.

ಪಾಠಕ್ರಮ ಎಂಥದು ಎಂದು ಓದುಗರು ಕೇಳಬಹುದು. ಮೂರನೆಯ ನರಸಿಂಹನ ಮಂತ್ರಿ ಪೆರುಮಾಳೆ ದಂಡನಾಯಕನು 1290ರಲ್ಲಿ ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಹಾಕಿಸಿದ ಶಾಸನ ಇದಕ್ಕೆ ಒಳ್ಳೆಯ ಉತ್ತರ. ವೇದಾಧ್ಯಾಪಕರ ಜೊತೆಗೆ, ಮಕ್ಕಳಿಗೆ ನಾಗರ, ಕನ್ನಡ, ತಿಗುಳ, ಆರ್ಯ ಇವುಗಳನ್ನು ಕಲಿಸುವವರಿಗೂ ಅದರಲ್ಲಿ ದತ್ತಿಯುಂಟು. ತಿಗುಳವೆಂದರೆ ತಮಿಳು, ಆರ್ಯವೆಂದರೆ ಮರಾಠಿ. ನಾಲ್ಕು ಭಾಷೆಗಳನ್ನು ಒಟ್ಟಿಗೆ ಕಲಿಸುವ ಶಾಲೆ ಹೊಯ್ಸಳ ರಾಜ್ಯದಲ್ಲಿ ಹೊಸ ಸಂಗತಿಯಾಗಿರಲಿಲ್ಲ.

ದೋರಸಮುದ್ರದ ಉಪಾಧ್ಯಾಯರ ಮನೆ

ಅರಸೀಕೆರೆಯಿಂದ ಜಾವಗಲ್ಲಿನ ಮೇಲೆ ಹೋಗುವ ರಸ್ತೆ ಹಳೇಬೀಡನ್ನು ಸೇರುತ್ತದೆ. ಪ್ರವಾಸಿಗಳೆಲ್ಲ ನೇರವಾಗಿ ನಡೆಯುವುದು ಹೊಯ್ಸಳೇಶ್ವರನ ಕಡೆಗೆ. 1121ರಲ್ಲಿ ಕೇತಮಲ್ಲನ ಮೇಲ್ವಿಚಾರಣೆಯಲ್ಲಿ ಎದ್ದ ಆ ದೇವಾಲಯದ ಗೋಡೆಗಳ ಮೇಲೆ ರಾಮಾಯಣ, ಭಾರತ, ಭಾಗವತಗಳೆಲ್ಲ ಕಲ್ಲಿನಲ್ಲಿ ಹರಿದಿವೆ. ಓದು ಬಾರದವನೂ ಗೋಡೆಯ ಸುತ್ತ ನಡೆದು ಪುರಾಣ ತಿಳಿಯಬಹುದು. ಅದೂ ಒಂದು ಪಾಠವೇ.

ಆದರೆ ಈ ರಾಜಧಾನಿಯಲ್ಲಿ ಕಲ್ಲಿಗಿಂತ ಗಟ್ಟಿಯಾದುದನ್ನು ಕಟ್ಟಿದ ಮನೆತನವೊಂದಿತ್ತು. ಒಂದನೆಯ ನರಸಿಂಹನ ಕಾಲದಲ್ಲಿ ಕಟಕೋಪಾಧ್ಯಾಯನಾಗಿದ್ದವನು ಸುಮನೋಬಾಣ. ರಾಜಧಾನಿಯ ಉಪಾಧ್ಯಾಯ ಎಂದು ಇಟ್ಟುಕೊಳ್ಳೋಣ. ಅವನ ಮಗನೇ 1209ರಲ್ಲಿ ಯಶೋಧರ ಚರಿತೆಯನ್ನೂ 1230ರಲ್ಲಿ ಅನಂತನಾಥ ಪುರಾಣವನ್ನೂ ಬರೆದ ಕವಿಚಕ್ರವರ್ತಿ ಜನ್ನ. ಅವನ ಅಳಿಯ ಮಲ್ಲಿಕಾರ್ಜುನನು ಸೋಮೇಶ್ವರ ರಾಜನಿಗಾಗಿ ಹಿಂದಿನ ಕವಿಗಳ ಪದ್ಯಗಳನ್ನು ವಿಷಯವಾರು ವಿಂಗಡಿಸಿ ಸೂಕ್ತಿಸುಧಾರ್ಣವವನ್ನು ಸಂಕಲಿಸಿದನು. ಆ ಮಲ್ಲಿಕಾರ್ಜುನನ ಮಗ ಕೇಶಿರಾಜ, ಶಬ್ದಮಣಿದರ್ಪಣದ ಕರ್ತೃ. ತಾತ ಉಪಾಧ್ಯಾಯ, ಸೋದರಮಾವ ಮಹಾಕವಿ, ತಂದೆ ಸಂಕಲನಕಾರ, ಮೊಮ್ಮಗ ವೈಯಾಕರಣ! ಒಂದು ಕನ್ನಡ ವಿಭಾಗದಲ್ಲಿ ಇರಬೇಕಾದವರೆಲ್ಲ ಒಂದೇ ಮನೆಯಲ್ಲಿದ್ದರು. ಕೇಶಿರಾಜನು ತನ್ನ ವಂಶವನ್ನು ಹೆಮ್ಮೆಯಿಂದಲೇ ಹೇಳಿಕೊಂಡಿದ್ದಾನೆ. ಆ ಹೆಮ್ಮೆಗೆ ಕಾರಣವುಂಟು. ಸಂಸ್ಕೃತ ವ್ಯಾಕರಣವೇ ವಿದ್ಯೆಯ ಶಿಖರವೆನಿಸಿದ್ದ ಕಾಲದಲ್ಲಿ ಅವನು ಕನ್ನಡದ ಸೂತ್ರಗಳನ್ನು ಕನ್ನಡದ ಕಂದಪದ್ಯಗಳಲ್ಲೇ ಬರೆದನು. ಕನ್ನಡ ಬಲ್ಲವನಿಗೆ ಕನ್ನಡದ ಮೂಲಕವೇ ಶಾಸ್ತ್ರ ದೊರೆಯಬೇಕೆಂದನು.

ಹೊಯ್ಸಳೇಶ್ವರನಿಂದ ಸ್ವಲ್ಪ ದೂರದ ಬಸದಿಗಳಿಗೆ ಹೋಗುವವರು ಕಡಿಮೆ. 1133ರಲ್ಲಿ ಬೊಪ್ಪನು ತನ್ನ ತಂದೆ ಗಂಗರಾಜನ ನೆನಪಿಗೆ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಜೈನರಲ್ಲಿ ಆಹಾರ, ಅಭಯ, ಔಷಧಗಳ ಸಾಲಿನಲ್ಲಿ ಶಾಸ್ತ್ರದಾನವೂ ಒಂದು. ಹಸಿದವನಿಗೆ ಅನ್ನವಿಟ್ಟಷ್ಟೇ ಪುಣ್ಯ, ಓದುವವನಿಗೆ ಗ್ರಂಥ ಕೊಟ್ಟರೆ. ಆ ಭಾವನೆಯಿಂದಲೇ ಬಸದಿಗಳಲ್ಲಿ ಓಲೆಯ ಪ್ರತಿಗಳು ಬೆಳೆದುವು, ಉಳಿದುವು.

1311ರಲ್ಲಿ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ ಬಂದಿತು. 1320ರ ದಶಕದಲ್ಲಿ ತುಘಲಕರ ಸೇನೆಯೂ ಬಂದಿತು. ರಾಜಧಾನಿ ಹಾಳಾಗಿ ಹಳೆಯ ಬೀಡಾಯಿತು. ಕಟ್ಟಡಗಳು ಕುಂದಿದರೂ ನಿಂತುವು. ಆದರೆ ದತ್ತಿ ಕೊಡುವವರು ಹೋದರು, ವೃತ್ತಿ ನಿಂತಿತು, ಪಾಠ ನಿಂತಿತು. ವಿದ್ಯಾಲಯವೆಂಬುದು ಗೋಡೆಯಲ್ಲ, ಏರ್ಪಾಡು ಎಂಬುದನ್ನು ಹಳೇಬೀಡಿಗಿಂತ ಸ್ಪಷ್ಟವಾಗಿ ಹೇಳುವ ಸ್ಥಳ ಬೇರೊಂದಿಲ್ಲ. ಉಳಿದದ್ದು ಯಾವುದು? ಊರಿನ ಎಲ್ಲೆ ದಾಟಿ ಹೋದದ್ದು. ಕೇಶಿರಾಜನ ಗ್ರಂಥ ಪ್ರತಿಯಿಂದ ಪ್ರತಿಗೆ ಸಾಗಿ ದೂರದ ಮಠಗಳಲ್ಲಿಯೂ ಮನೆಗಳಲ್ಲಿಯೂ ಬಾಳಿತು.

ಉಳಿಯ ವಿದ್ಯೆ

ಹಳೇಬೀಡಿನಿಂದ ಬೇಲೂರು 16 ಕಿಲೋಮೀಟರು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಿಸಿದ ಚೆನ್ನಕೇಶವನಿಗೆ ಇಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಕಂಬಗಳ ಮೇಲಿನ ಮದನಿಕೆಯರನ್ನು ಕತ್ತೆತ್ತಿ ನೋಡುವವರು ಅವರ ಪಾದಪೀಠದ ಅಕ್ಷರಗಳನ್ನೂ ನೋಡಬೇಕು. ಅಲ್ಲಿ ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಹೆಸರಿನೊಡನೆ ಊರು, ತಂದೆಯ ಹೆಸರು, ಎದುರಾಳಿ ರೂವಾರಿಗಳನ್ನು ಕೆಣಕುವ ಬಿರುದುಗಳು. ಇಂದಿನ ಪದವೀಧರನು ಹೆಸರಿನ ಮುಂದೆ ಬರೆದುಕೊಳ್ಳುವ ಅಕ್ಷರಗಳಿಗಿಂತ ಇವು ಯಾವ ವಿಧದಲ್ಲಿಯೂ ಕಡಿಮೆಯಲ್ಲ. ಇವರ ಕಾಲೇಜು ತಂದೆಯ ಕೈಕೆಳಗಿನ ಕಲ್ಲುಚಪ್ಪರ. ಪರೀಕ್ಷೆ, ಎಲ್ಲರ ಕಣ್ಣಿಗೆ ಬೀಳುವ ಗೋಡೆ.

ದಾಸೋಜನ ಆ ಬಳ್ಳಿಗಾವೆಯೂ ಸಾಮಾನ್ಯ ಊರಲ್ಲ. ಇಂದಿನ ಶಿವಮೊಗ್ಗ ಜಿಲ್ಲೆಯ ಆ ಊರಿನ ಕೋಡಿಯ ಮಠವನ್ನು 1162ರ ಶಾಸನ ವರ್ಣಿಸುತ್ತದೆ. ನಾಲ್ಕು ವೇದಗಳು, ಪಾಣಿನೀಯ ಕೌಮಾರ ಶಾಕಟಾಯನಗಳೆಂಬ ವ್ಯಾಕರಣಗಳು, ನ್ಯಾಯ ವೈಶೇಷಿಕ ಮೀಮಾಂಸೆ ಸಾಂಖ್ಯಗಳು, ಅವುಗಳ ಜೊತೆಗೆ ಬೌದ್ಧ ದರ್ಶನವೂ, ಯೋಗಶಾಸ್ತ್ರ, ಪುರಾಣ, ಕಾವ್ಯ, ನಾಟಕ ಎಲ್ಲಕ್ಕೂ ಅದು ವ್ಯಾಖ್ಯಾನಸ್ಥಾನ. ತನಗೆ ಒಪ್ಪಿಗೆಯಿಲ್ಲದ ಮತವನ್ನೂ ಕಲಿಸುವ ಧೈರ್ಯವಿದ್ದ ಶೈವಮಠ ಅದು. ದೀನರಿಗೆ, ಕುರುಡರಿಗೆ, ಕಿವುಡರಿಗೆ ಅಲ್ಲಿ ಅನ್ನವಿತ್ತು; ರೋಗಿಗಳಿಗೆ ಚಿಕಿತ್ಸೆಯಿತ್ತು.

ಬೇಲೂರಿನ ಗೋಡೆಗಳಲ್ಲಿ ಇನ್ನೊಂದು ವಿದ್ಯೆಯೂ ಕಾಣುತ್ತದೆ: ಮದ್ದಳೆ ಬಾರಿಸುವವರು, ಕೊಳಲೂದುವವರು, ಹೆಜ್ಜೆ ಹಾಕುವ ನರ್ತಕಿಯರು. ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿ ಗೀತ, ವಾದ್ಯ, ನೃತ್ಯಗಳಲ್ಲಿ ಪ್ರವೀಣೆಯೆಂದು ಶಾಸನಗಳು ಹೊಗಳುತ್ತವೆ. ಆದರೆ ಅರಸಿಗೆ ದೊರೆತದ್ದು ಊರಿನ ಹೆಣ್ಣುಮಕ್ಕಳಿಗೆಲ್ಲ ದೊರೆಯಿತೇ? ಅಗ್ರಹಾರದ ವೇದಪಾಠ ಬ್ರಾಹ್ಮಣರ ಗಂಡುಮಕ್ಕಳಿಗೆ ಮೀಸಲು. ಕೆರೆಯ ಹಿಂದೆ ಗದ್ದೆ ಉತ್ತವನ, ಏರಿಗೆ ಮಣ್ಣು ಹೊತ್ತವಳ ಮಕ್ಕಳು ಆ ಜಗಲಿಯ ಮೇಲೆ ಕುಳಿತು ಓದಲಿಲ್ಲ. ಯಾರ ಬೆವರಿನಿಂದ ಗುರುವಿನ ಮನೆಯ ಅನ್ನ ಬೆಂದಿತೋ ಅವರಿಗೆ ಗುರುವಿನ ಪಾಠ ದೊರೆಯಲಿಲ್ಲ. ಹಿಂದಿನದನ್ನು ಹೊಗಳುವ ಭರದಲ್ಲಿ ಇದನ್ನು ಮರೆತರೆ ಆ ಹೊಗಳಿಕೆಗೆ ಬೆಲೆಯಿಲ್ಲ.

ಇಂದಿನ ದಾರಿ

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಪತ್ರಿಕೆಗಳು ಅದನ್ನು ದೊಡ್ಡಕ್ಷರಗಳಲ್ಲಿ ಅಚ್ಚುಮಾಡಿದುವು. ಅದೇ ವರ್ಷದ ಜೂನ್ ತಿಂಗಳಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಆರಂಭವಾಯಿತು. ಈ ಎರಡು ಸಂಗತಿಗಳಿಗೆ ಸಂಬಂಧವಿಲ್ಲವೆಂದು ತೋರಬಹುದು. ಆದರೆ ಹಳ್ಳಿಯಿಂದ ತಾಲ್ಲೂಕು ಕೇಂದ್ರದ ಕಾಲೇಜಿಗೆ ಮಗಳನ್ನು ಕಳುಹಿಸಲು ದಿನದ ಬಸ್ಸಿನ ಖರ್ಚನ್ನು ಎಣಿಸುವ ಮನೆಗೆ ಅದೂ ಒಂದು ವೃತ್ತಿಯೇ, ಒಂದು ದತ್ತಿಯೇ. ಶಾಸನ ಹಾಕಿಸದ ದತ್ತಿ.

ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ಎಪಿಗ್ರಾಫಿಯ ಕರ್ಣಾಟಿಕದ ಐದನೆಯ ಸಂಪುಟವಾಗಿ ಪ್ರಕಟಿಸಿದರು. ಗುಡಿಯ ಅಂಗಳದಲ್ಲಿ ಮಳೆಗೆ ನೆನೆಯುತ್ತಿದ್ದ ಅಕ್ಷರಗಳು ಅಂದಿನಿಂದ ಎಲ್ಲರ ಕೈಗೂ ಬಂದುವು. ಶಬ್ದಮಣಿದರ್ಪಣವನ್ನು ಕನ್ನಡ ಎಂ.ಎ. ತರಗತಿಗಳಲ್ಲಿ ಇಂದು ಉತ್ತವರ ಮಕ್ಕಳೂ ಹೊತ್ತವಳ ಮಕ್ಕಳೂ ಓದುತ್ತಾರೆ. ಕೇಶಿರಾಜನ ವಿದ್ಯೆ ಅಗ್ರಹಾರದ ಬಾಗಿಲನ್ನು ದಾಟಲು ಏಳುನೂರು ವರ್ಷಗಳು ಹಿಡಿದುವು, ಆದರೂ ದಾಟಿತು.

ಈ ಸೀಮೆಗೆ ಹೋಗುವವರು ಅರಸೀಕೆರೆಯಲ್ಲಿ ಬರಿದೇ ಗಾಡಿ ಬದಲಾಯಿಸದೆ ಅರ್ಧ ದಿನ ನಿಲ್ಲಬೇಕು. ಈಶ್ವರ ದೇವಾಲಯದ ಮಂಟಪದ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕುಳಿತು, ಅನಂತರ ಊರಿನ ಕೆರೆಯ ಕಡೆಗೂ ನಡೆದುಹೋಗಬೇಕು. ಬೇಲೂರಿನ ಬಸ್ಸಿಗೆ ಆಮೇಲೆ ಬೇಕಾದಷ್ಟು ಹೊತ್ತಿರುತ್ತದೆ.