ಉಪ್ಪಿನ ಕೋಟೆಯ ಸಂಗೀತೋತ್ಸವ

ಆಸ್ಟ್ರಿಯಾ ದೇಶವು ಜರ್ಮನಿಯನ್ನು ಮುಟ್ಟುವ ಎಡೆಯಲ್ಲಿ, ಆಲ್ಪ್ಸ್ ಪರ್ವತಗಳ ಬುಡದಲ್ಲಿ, ಸಾಲ್ಜಾಖ್ ನದಿಯ ಎರಡು ದಡಗಳ ಮೇಲೂ ಹರಡಿಕೊಂಡಿರುವ ಪಟ್ಟಣವೇ ಸಾಲ್ಜ್‌ಬರ್ಗ್. ಈ ಹೆಸರಿಗೆ ಉಪ್ಪಿನ ಕೋಟೆಯೆಂದು ಅರ್ಥ. ಸುತ್ತಣ ಬೆಟ್ಟಗಳಲ್ಲಿ ಅಗೆದ ಉಪ್ಪಿನ ವ್ಯಾಪಾರದಿಂದ ಇಲ್ಲಿಯ ಆರ್ಚ್‌ಬಿಷಪ್ಪರು ಧನವಂತರಾಗಿ, ಧರ್ಮಪೀಠದೊಡನೆ ರಾಜ್ಯಾಧಿಕಾರವನ್ನೂ ಹಿಡಿದು, ಇಗರ್ಜಿಗಳನ್ನೂ ಅರಮನೆಗಳನ್ನೂ ಕಟ್ಟಿಸಿದರು. ಮೊಟ್ಸಾರ್ಟ್ ಎಂಬ ಸಂಗೀತಗಾರ 1756ರಲ್ಲಿ ಹುಟ್ಟಿದುದು ಇಲ್ಲಿಯ ಇಕ್ಕಟ್ಟಾದ ಬೀದಿಯೊಂದರ ಮನೆಯಲ್ಲಿ. ಆ ಮನೆಯ ಮುಂದೆ ಈಗ ಜನಜಂಗುಳಿ. ಅದನ್ನು ವರ್ಣಿಸಿದವರು ಬಹಳ ಮಂದಿಯಾದುದರಿಂದ ನಾವು ಮುಂದೆ ಸಾಗುತ್ತೇವೆ.

ನಾವು ಈ ಊರಿಗೆ ಹೋದುದು ಕೊರೋನಾ ಪಿಡುಗು ಅಡಗಿದ ಬಳಿಕ. ನಮ್ಮನ್ನು ಬಹಳ ಹೊತ್ತು ತಡೆದು ನಿಲ್ಲಿಸಿದುದು ಮೋಂಕ್ಸ್‌ಬರ್ಗ್ ಎಂಬ ಗುಡ್ಡದ ಮಗ್ಗುಲು. ಅಲ್ಲಿ 1693ರಲ್ಲಿ ಬಂಡೆಯನ್ನೇ ಕೊರೆದು, ಮೂರು ಅಂತಸ್ತುಗಳಲ್ಲಿ 96 ಕಮಾನುಗಳನ್ನು ಕಡಿದಿದ್ದಾರೆ. ಕುದುರೆಸವಾರಿಯನ್ನೂ ಪಂದ್ಯಗಳನ್ನೂ ಕುಳಿತು ನೋಡುವುದಕ್ಕೆಂದು ಮಾಡಿದ ಈ ಗೂಡುಗಳ ಮುಂದೆ ಈಗ ಕುದುರೆಗಳಿಲ್ಲ. ಒಪೆರಾ ಎಂಬ ಸಂಗೀತ ನಾಟಕಗಳಿಗೆ ಆ ಬಂಡೆಯ ಗೋಡೆಯೇ ಹಿನ್ನೆಲೆ. ಪಕ್ಕದಲ್ಲಿಯೇ 1960ರಲ್ಲಿ ತೆರೆದ ದೊಡ್ಡ ಉತ್ಸವಭವನವಿದೆ. ಅದಕ್ಕೆ ಎಡೆಮಾಡಲು 55,000 ಘನ ಮೀಟರ್ ಬಂಡೆಯನ್ನು ಸಿಡಿಸಿ ತೆಗೆದರಂತೆ. ರಂಗದ ಅಗಲವೇ 100 ಮೀಟರ್, ಆಸನಗಳು 2,179.

ಇಷ್ಟು ವೈಭವಕ್ಕೆ ಮೂಲವಾದ ಉತ್ಸವವು ಹುಟ್ಟಿದುದು ಮಾತ್ರ ಬಡತನದಲ್ಲಿ. ಮೊದಲ ಮಹಾಯುದ್ಧವು ಮುಗಿದು ಎರಡು ವರ್ಷವೂ ತುಂಬಿರಲಿಲ್ಲ, ಸಾಮ್ರಾಜ್ಯವು ಚೂರಾಗಿತ್ತು, ಹೊಟ್ಟೆಗೆ ಸಾಲದ ಕಾಲ. ಕವಿ ಹೋಫ್‌ಮನ್ಸ್‌ಟಾಲ್, ನಾಟಕಾಚಾರ್ಯ ಮಾಕ್ಸ್ ರೈನ್‌ಹಾರ್ಟ್, ಸಂಗೀತಗಾರ ರಿಚರ್ಡ್ ಸ್ಟ್ರೌಸ್ ಮೊದಲಾದವರು ಕೂಡಿ, 1920ರ ಆಗಸ್ಟ್ 22ರಂದು ಪ್ರಧಾನ ಇಗರ್ಜಿಯ ಮುಂದಣ ಚೌಕದಲ್ಲಿ ‘ಯೇಡರ್ಮಾನ್’ ಎಂಬ ನಾಟಕವನ್ನಾಡಿಸಿದರು. ಹೆಸರಿಗೆ ‘ಪ್ರತಿಯೊಬ್ಬ’ ಎಂದರ್ಥ. ಧನಿಕನೊಬ್ಬನು ಔತಣದಲ್ಲಿ ಕುಳಿತಿರುವಾಗ ಮೃತ್ಯುವು ಕರೆಯಲು ಬರುತ್ತದೆ. ನೆಂಟರು ಬರುವುದಿಲ್ಲ, ಹಣವೂ ಬರುವುದಿಲ್ಲ. ಅವನ ಹೆಸರನ್ನು ಕೂಗುವ ದನಿಗಳು ಸುತ್ತಣ ಗೋಪುರಗಳಿಂದಲೂ ಮೇಲಣ ಕೋಟೆಯಿಂದಲೂ ಕೇಳಿಬರುವಂತೆ ಏರ್ಪಡಿಸಿರುವರು. ಖಾಲಿ ಚೌಕದಲ್ಲಿ ನಿಂತು ಆ ಗೋಪುರಗಳನ್ನು ಒಂದೊಂದಾಗಿ ನೋಡಿದಾಗ, ಆ ಕೂಗು ಎತ್ತಣಿಂದ ಬಂದರೂ ತಪ್ಪಿಸಿಕೊಳ್ಳುವುದಕ್ಕೆ ಎಡೆಯಿಲ್ಲವೆಂದು ನಮಗೆ ತೋರಿತು.

ಈ ಉತ್ಸವದ ನೂರನೆಯ ವರ್ಷವೇ 2020. ಜುಲೈ 18ರಿಂದ 44 ದಿನಗಳಲ್ಲಿ 200 ಪ್ರದರ್ಶನಗಳನ್ನು ನಡೆಸಬೇಕೆಂದಿದ್ದರು. ಸುಮಾರು 1,80,000 ಟಿಕೆಟುಗಳು ಮಾರಾಟವಾಗಿದ್ದವು. ಅಷ್ಟರಲ್ಲಿ ಪಿಡುಗು ಬಂದಿತು. ಜರ್ಮನಿಯ ಬೈರಾಯ್ಟ್, ಸ್ಕಾಟ್ಲೆಂಡಿನ ಎಡಿನ್‌ಬರೊ ಮುಂತಾದ ಊರುಗಳ ಉತ್ಸವಗಳು ಆ ಬೇಸಗೆಗೆ ನಿಂತುಹೋದವು. ನಮ್ಮ ಹಿರಿಯರು ಪ್ಲೇಗಿನ ಕಾಲದಲ್ಲಿ ಊರನ್ನೇ ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಆಗ ಜಾತ್ರೆ ಮಾಡಿರೆಂದು ಯಾರಾದರೂ ಹೇಳಿದ್ದರೆ ಅವರನ್ನು ಬುದ್ಧಿವಂತರೆನ್ನುತ್ತಿರಲಿಲ್ಲ. ಆದುದರಿಂದ ನಿಲ್ಲಿಸಿದವರನ್ನು ನಾವು ಹಳಿಯಲಾರೆವು. ಸಾಲ್ಜ್‌ಬರ್ಗಿನವರಾದರೋ ಮೇ ತಿಂಗಳ ಕೊನೆಯವರೆಗೂ ತೀರ್ಮಾನವನ್ನು ತಡೆಹಿಡಿದು ಕಾದರು. ಸರಕಾರವು ಕಟ್ಟುಗಳನ್ನು ಸಡಿಲಿಸಿದೊಡನೆ, ಉತ್ಸವದ ಅಧ್ಯಕ್ಷೆ ಹೆಲ್ಗಾ ರಾಬ್ಲ್-ಸ್ಟಾಡ್ಲರ್ ಮತ್ತು ಕಲಾನಿರ್ದೇಶಕ ಮಾರ್ಕುಸ್ ಹಿಂಟರ್‌ಹಾಯ್ಸರ್ ಅವರು ಆಗಸ್ಟ್ ತಿಂಗಳ 30 ದಿನಗಳಿಗೆ, ಎಂಟು ರಂಗಗಳಲ್ಲಿ, 110 ಪ್ರದರ್ಶನಗಳ ಹೊಸ ಕಾರ್ಯಕ್ರಮವನ್ನು ಹೊರಡಿಸಿದರು.

ಹೇಗೆ ನಡೆಸಿದರೆಂಬುದೇ ಸ್ವಾರಸ್ಯದ ಮಾತು. ಭವನದಲ್ಲಿ ಸಾವಿರ ಮಂದಿಗಿಂತ ಹೆಚ್ಚು ಸೇರಕೂಡದು. ಚದುರಂಗದ ಹಲಗೆಯಂತೆ ಒಂದಾಸನ ಬಿಟ್ಟು ಒಂದಾಸನ. ಟಿಕೆಟಿನ ಮೇಲೆ ಕೊಂಡವರ ಹೆಸರಿರಬೇಕು, ಬಾಗಿಲಲ್ಲಿ ಗುರುತು ತೋರಿಸಬೇಕು. ಕುಳಿತುಕೊಳ್ಳುವವರೆಗೆ ಮುಖಕ್ಕೆ ಮುಸುಕು ಬೇಕು. ವಿರಾಮವಿಲ್ಲ, ತಿಂಡಿತೀರ್ಥವಿಲ್ಲ. ತನಿ ಆವರ್ತನ ಮೊದಲಾದೊಡನೆ ಕಾಫಿಗೆಂದು ಎದ್ದುಹೋಗುವ ನಮ್ಮ ರಸಿಕರಿಗೆ ಇದೊಂದು ಘೋರ ಶಿಕ್ಷೆಯೇ ಸರಿ!

ಪ್ರೇಕ್ಷಕರನ್ನು ದೂರದೂರ ಕೂರಿಸಬಹುದು. ವಾದ್ಯಗಾರರನ್ನು ಕೂರಿಸುವುದು ಹೇಗೆ? ನೂರು ಮಂದಿ ಒಂದೇ ಉಸಿರಿನಂತೆ ನುಡಿಸಬೇಕಾದಾಗ ಮಾರು ದೂರ ಕುಳಿತರೆ ಶ್ರುತಿಯೂ ಕೆಡುವುದು, ಲಯವೂ ಕೆಡುವುದು. ಇದಕ್ಕಾಗಿ ಕೆಲಸದವರನ್ನೆಲ್ಲ ಕೆಂಪು, ಕಿತ್ತಳೆ, ಹಳದಿ ಎಂದು ಮೂರು ವರ್ಗ ಮಾಡಿದರು. ಅಂತರವನ್ನು ಕಾಯಲಾಗದ ಹಾಡುಗಾರರೂ ವಾದ್ಯಗಾರರೂ ಕೆಂಪು ವರ್ಗದವರು; ಅವರು ಮೇಲಿಂದ ಮೇಲೆ ಪರೀಕ್ಷೆಗೊಳಗಾಗಿ, ತಮ್ಮ ಆರೋಗ್ಯದ ದಿನಚರಿಯನ್ನೂ ಬರೆದಿಡಬೇಕು. ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದದವರು ಹೀಗೆ ಹೆಗಲಿಗೆ ಹೆಗಲು ತಾಗುವಂತೆ ಕುಳಿತು ನುಡಿಸಿದರು. ಕೇಳುವವನ ಸುಖವನ್ನು ಕಡಿದರೂ ನಾದವನ್ನು ಕಡಿಯಲಿಲ್ಲವೆಂಬುದು ನಮಗೆ ಬಹಳ ಮೆಚ್ಚಿಕೆಯಾಯಿತು.

ಬಂಡೆಯ ಕಮಾನುಗಳ ಮುಂದೆ ಸ್ಟ್ರೌಸನ ‘ಎಲೆಕ್ಟ್ರಾ’ ನಡೆಯಿತು. ಈತನ ಕೊನೆಯ ನಾಲ್ಕು ಹಾಡುಗಳು ಆತನು ತೀರಿಕೊಂಡ ಮೇಲೆ, 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದುದು ನಮ್ಮ ಜಯಚಾಮರಾಜ ಒಡೆಯರು ವೆಚ್ಚದ ಹೊಣೆಯನ್ನು ಹೊತ್ತುದರಿಂದ ಎಂಬುದನ್ನು ಕನ್ನಡಿಗರು ನೆನೆಯಬೇಕು. ಮೊಟ್ಸಾರ್ಟನ ‘ಕೊಸಿ ಫಾನ್ ಟುಟ್ಟೆ’ ಮೂರು ಗಂಟೆಗೂ ಮೀರಿದ ಒಪೆರಾ. ವಿರಾಮವಿಲ್ಲವಾದುದರಿಂದ ಅದನ್ನು ಕತ್ತರಿಸಿ ಎರಡೂವರೆ ಗಂಟೆಯೊಳಗೆ ತಂದರು. ಅದನ್ನು ನಡೆಸಿದವರು ಯೋಆನಾ ಮಾಲ್ವಿಟ್ಸ್. ಆ ಉತ್ಸವದಲ್ಲಿ ಒಪೆರಾ ಒಂದರ ಎಲ್ಲ ಪ್ರದರ್ಶನಗಳನ್ನೂ ನಡೆಸಿದ ಮೊದಲ ಮಹಿಳೆ. ಈಗೋರ್ ಲೆವಿಟ್ ಎಂಬವರು ಬೀಥೋವನ್ನನ 32 ಪಿಯಾನೋ ಸೊನಾಟಾಗಳನ್ನೂ ಎಂಟು ಕಚೇರಿಗಳಲ್ಲಿ ನುಡಿಸಿದರು. ಮತ್ತು ಚೌಕದಲ್ಲಿ, ಎಂದಿನಂತೆ, ಮೃತ್ಯುವು ಧನಿಕನನ್ನು ಕರೆಯಿತು. ಆ ವರ್ಷ ಅದನ್ನು ಬರಿಯ ನಾಟಕವೆಂದು ನೋಡಿದವರು ಎಷ್ಟು ಮಂದಿಯಿದ್ದಾರು?

ಬಂದ ಪ್ರೇಕ್ಷಕರು ಸುಮಾರು 76,500. ಅವರಲ್ಲಿ ಒಬ್ಬರಿಗಾದರೂ ಉತ್ಸವದಿಂದ ಸೋಂಕು ತಗುಲಿದ ವರದಿ ಬರಲಿಲ್ಲ. ಇದನ್ನು ಕಟ್ಟುಪಾಡಿನ ಫಲವೆನ್ನಬೇಕು. ಜೊತೆಗೆ ಆ ಬೇಸಗೆಯಲ್ಲಿ ಆಸ್ಟ್ರಿಯಾದಲ್ಲಿ ರೋಗವು ಕೊಂಚ ತಗ್ಗಿದ್ದಿತೆಂಬುದನ್ನೂ ಮರೆಯಲಾಗದು. ನವೆಂಬರಿನ ಮೊದಲ ವಾರದಲ್ಲಿಯೇ ಆ ದೇಶದ ನಾಟಕಶಾಲೆಗಳೆಲ್ಲ ಮುಚ್ಚಿದವು. ಮತ್ತೆ ತೆರೆದುದು ಮುಂದಿನ ಮೇ ತಿಂಗಳಿನಲ್ಲಿ.

2021ರಲ್ಲಿಯೂ ಜನರು ಬಂದರು. ಈ ಬಾರಿ ಆಸನಗಳನ್ನು ಬಿಡದೆ ತುಂಬಿಸಿದರು. ಜುಲೈ 17ರಂದು ‘ಯೇಡರ್ಮಾನ್’ ನಾಟಕದ ಮೊದಲ ಪ್ರದರ್ಶನವಾಯಿತು. ಅದನ್ನು ನೋಡಿದವರಲ್ಲಿ ಒಬ್ಬರಿಗೆ ಸೋಂಕಿರುವುದು ಗೊತ್ತಾಯಿತು. ಕೆಲವೇ ದಿನಗಳಲ್ಲಿ ಎಲ್ಲರೂ ಮುಸುಕು ಹಾಕಿಕೊಂಡೇ ಕೂರಬೇಕೆಂದು ಆಜ್ಞೆ ಹೊರಟಿತು. ಆಟ ಮುಂದುವರಿಯಿತು.