ವಿದ್ಯಾರ್ಥಿನಿಲಯದ ಜೀರ್ಣೋದ್ಧಾರ

ಮೈಸೂರಿನಲ್ಲಿ 1876ರಲ್ಲಿ ಸ್ಥಾಪಿತವಾದ ಮಹಾರಾಜ ಸಂಸ್ಕೃತ ಮಹಾಪಾಠಶಾಲೆಯಲ್ಲಿ ನಾನು ಓದುತ್ತಿದ್ದಾಗ ನನಗೆ ಅನ್ನ, ಆಶ್ರಯಗಳನ್ನಿತ್ತ ವಿದ್ಯಾರ್ಥಿನಿಲಯವೊಂದು ಈಗ ಜೀರ್ಣವಾಗಿರುವುದು. ಅದರದು ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ನಿಲ್ಲಿಸಿ ಸುಣ್ಣದ ಗಾರೆ ಹಾಕಿದ ಮದರಾಸು ತಾರಸಿ. ತೊಲೆಗಳ ತುದಿಗಳು ನೀರು ಕುಡಿದು ಲಡ್ಡು ಹಿಡಿದಿರುವುವು. ಮಳೆ ಬಂದ ರಾತ್ರಿ ಹುಡುಗರು ಹಾಸಿಗೆ ಸುತ್ತಿಟ್ಟು ಗೋಡೆಗೊರಗಿ ಬೆಳಗು ಮಾಡುವರು. ಹಳೆಯ ವಿದ್ಯಾರ್ಥಿಗಳಾದ ನಾವು ನಾಲ್ವರು ಚಂದಾಪಟ್ಟಿ ಹಿಡಿದು ಹೊರಟೆವು.

ಕೊಡುವವರಿಗೆ ಬರವಿಲ್ಲ. ಆದರೆ ಒಬ್ಬರು ಹೆಬ್ಬಾಗಿಲ ಮೇಲೆ ತಮ್ಮ ತಂದೆಯವರ ಹೆಸರಿನ ಶಿಲಾಫಲಕವನ್ನು ಬಯಸಿದರು. ಮತ್ತೊಬ್ಬರು ಅಮೃತಶಿಲೆಯ ಸಭಾಂಗಣವನ್ನು. ತಾರಸಿಗೆಂದರೆ ಮೌನ. ಅಲ್ಲಿ ಹೆಸರು ಕೆತ್ತಿಸಿದರೆ ಕಾಗೆಗಳಲ್ಲದೆ ಓದುವವರಾರು! ಹೊಸದನ್ನು ಕಟ್ಟಿಸುವುದಕ್ಕಿಂತ ಜೀರ್ಣೋದ್ಧಾರಕ್ಕೆ ಫಲವಧಿಕವೆಂದು ನಮ್ಮ ಶಾಸ್ತ್ರಕಾರರು ಸಾರಿದುದು ಈ ಸ್ವಭಾವವನ್ನು ಕಂಡೇ ಇರಬೇಕು.

ಸಿಮೆಂಟು ಬಳಿದು ಅಗ್ಗದಲ್ಲಿ ಮುಗಿಸಿರೆಂದವರೂ ಉಂಟು. ಗಾರೆಯ ಮೇಲೆ ಸಿಮೆಂಟು ಬಳಿದರೆ ಒಳಗಿನ ತೇವವು ಹೊರಬರಲಾರದೆ ಇಟ್ಟಿಗೆಯನ್ನೂ ತೊಲೆಯನ್ನೂ ತಿನ್ನುವುದು. ಆದುದರಿಂದ ಗಾರೆ ಕೆಲಸವನ್ನರಿತ ವೃದ್ಧ ಮೇಸ್ತ್ರಿಯೊಬ್ಬನನ್ನೇ ಗೊತ್ತುಮಾಡಿದೆವು.

ತಮ್ಮ ಪತಿ ಅಲ್ಲಿಯೇ ಉಂಡು ಓದಿದವರೆಂದು ಹೇಳಿ ಒಬ್ಬ ವೃದ್ಧೆ ಎರಡು ತೊಲೆಗಳ ಬೆಲೆಯನ್ನು ಕೊಟ್ಟರು. ಫಲಕದಲ್ಲಿ ಯಾರ ಹೆಸರು ಬರೆಯಿಸಲೆಂದು ಕೇಳಿದೆನು.

“ಹೆಸರೇಕೆ ಮೇಷ್ಟ್ರೇ, ಮಳೆಗೆ ಮುಂಚೆ ಮುಗಿಸಿಬಿಡಿ” ಎಂದರು.

ಇನ್ನೂ ಹನ್ನೊಂದು ತೊಲೆಗಳು ಬಾಕಿ ಇವೆ.