ಮೂಗೇಟಿನ ಮಾತು

ಚರ್ಮ ಹರಿಯದೆ, ಒಂದು ಹನಿ ರಕ್ತವೂ ಹೊರಗೆ ಬಾರದೆ, ಒಳಗೊಳಗೇ ನೋಯುವ ಪೆಟ್ಟಿಗೆ ನಮ್ಮವರು ‘ಮೂಗೇಟು’ ಎಂದು ಎಷ್ಟು ಸರಿಯಾಗಿ ಹೆಸರಿಟ್ಟಿದ್ದಾರೆ! ಬಾಯಿಲ್ಲದ ಏಟು. ಇಲ್ಲಿ ಮುಂಬಯಿಯಲ್ಲಿ ನೆರೆಯ ಮರಾಠಿ ಹೆಂಗಸರೂ ‘ಮುಕಾ ಮಾರ್’ ಎನ್ನುತ್ತಾರೆ, ಅರ್ಥ ಒಂದೇ. ಬಿ.ಎ.ಯಲ್ಲಿ ನಾನು ಓದಿದ ಇಂಗ್ಲಿಷ್ ಮಾತ್ರ ಅದರ ಬಣ್ಣವನ್ನಷ್ಟೇ ನೋಡಿ ‘ಬ್ಲ್ಯಾಕ್ ಅಂಡ್ ಬ್ಲೂ’ ಎಂದು ಸುಮ್ಮನಾಗುತ್ತದೆ.

ಲೋಕಲ್ ಗಾಡಿಯ ನೂಕುನುಗ್ಗಲು, ಇಬ್ಬರು ನಿಂತರೆ ತುಂಬಿಹೋಗುವ ಅಡಿಗೆಮನೆ, ಮಂಚದ ಮೂಲೆ — ಈ ಊರಿನಲ್ಲಿ ಮೂಗೇಟಿಗೇನು ಬರವೇ? ಪೆಟ್ಟು ಬಿದ್ದಾಗ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಒಡೆದು ರಕ್ತ ಸುತ್ತಲೂ ಹರಡುತ್ತದೆ. ಮೊದಲು ಕೆಂಪು, ಒಂದೆರಡು ದಿನಗಳಲ್ಲಿ ನೀಲಿ ಇಲ್ಲವೇ ನೇರಳೆ, ವಾರದ ಹೊತ್ತಿಗೆ ಹಸಿರು, ಆಮೇಲೆ ಹಳದಿ. ಹರಡಿದ ರಕ್ತದ ಹಿಮೋಗ್ಲೋಬಿನ್ನನ್ನು ದೇಹ ಒಡೆಯುವಾಗ ಹಸಿರು ಬಣ್ಣದ ಬಿಲಿವರ್ಡಿನ್, ಅದರಿಂದ ಹಳದಿಯ ಬಿಲಿರುಬಿನ್ ಆಗುತ್ತದೆ. ಕಾಮಾಲೆಯಲ್ಲಿ ಕಣ್ಣನ್ನು ಹಳದಿ ಮಾಡುವುದೂ ಇದೇ ಬಿಲಿರುಬಿನ್. ಸಾಮಾನ್ಯವಾಗಿ 2 ವಾರಗಳಲ್ಲಿ ಎಲ್ಲ ಮಾಯ.

ಮನೆಮದ್ದಿನಲ್ಲಿ ಮುಖ್ಯವಾದದ್ದು ಹೊತ್ತು. ಮೊದಲ 2 ದಿನ ತಣ್ಣಗೆ, ಆಮೇಲೆ ಬೆಚ್ಚಗೆ. ಫ್ರಿಜ್ಜಿನ ಬರ್ಫವನ್ನೋ ಮಟಾರಿನ ಪೊಟ್ಟಣವನ್ನೋ ತೆಳು ಟವೆಲ್ಲಿನಲ್ಲಿ ಸುತ್ತಿ 10–15 ನಿಮಿಷ ಇಡಬೇಕು. ದಿನಕ್ಕೆ ನಾಲ್ಕಾರು ಸಲ. ಬರ್ಫವನ್ನು ಬರಿಯ ಚರ್ಮಕ್ಕೆ ಹಚ್ಚಿದರೆ ಚರ್ಮವೇ ಸುಡುತ್ತದೆ. ಕಾಲಿಗೆ ಪೆಟ್ಟಾಗಿದ್ದರೆ ದಿಂಬಿನ ಮೇಲೆ ಎತ್ತಿ ಇಟ್ಟುಕೊಳ್ಳಬೇಕು. ಎಣ್ಣೆ ಹಚ್ಚಿ ಗಸಗಸ ತಿಕ್ಕುವುದು ಬೇಡ. ಒಡೆದ ನಾಳಗಳಿಂದ ಇನ್ನಷ್ಟು ರಕ್ತ ಒಸರುತ್ತದೆ. ನಮ್ಮ ಅಜ್ಜಿಯಂದಿರ ಉಪ್ಪಿನ ಗಂಟಿನ ಶಾಖ ಒಳ್ಳೆಯದೇ, ಆದರೆ ಅದರ ಸರದಿ ಮೂರನೆಯ ದಿನ, ಅದೂ ಹದವಾದ ಬಿಸಿಯಲ್ಲಿ. ಅರಿಶಿನ-ಸುಣ್ಣದ ಪಟ್ಟಿನ ವಿಷಯದಲ್ಲಿ ಎಚ್ಚರ: ಸುಣ್ಣ ವಯಸ್ಸಾದವರ ತೆಳು ಚರ್ಮವನ್ನು ಸುಡಬಲ್ಲದು, ಅರಿಶಿನದ ಹಳದಿಯಲ್ಲಿ ಪೆಟ್ಟಿನ ಬಣ್ಣ ಕಾಣುವುದೇ ಇಲ್ಲ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಆದ್ದರಿಂದ ಅದನ್ನು ನೋವಿಗೆಂದು ನಾವಾಗಿಯೇ ಕೊಡಬಾರದು.

ಇಷ್ಟೆಲ್ಲ ನನಗೆ ಬಾಯಿಪಾಠವಾದದ್ದು ನಮ್ಮ ಅತ್ತೆಯವರಿಂದ. 2018ರಲ್ಲಿ ಅವರ ಎದೆಬಡಿತ ತಾಳ ತಪ್ಪಿತೆಂದು ಡಾಕ್ಟರು ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ಶುರುಮಾಡಿದರು. ಅಲ್ಲಿಂದ ಬಳೆ ತಾಕಿದರೂ ನೀಲಿ, ಬಾಗಿಲ ಚಿಲಕ ತಾಕಿದರೂ ನೀಲಿ. ವಯಸ್ಸಿನಿಂದ ಚರ್ಮ ತೆಳುವಾಗಿ, ಅದರಡಿಯ ಕೊಬ್ಬಿನ ಮೆತ್ತೆಯೂ ಕರಗಿತ್ತು. ಸ್ನಾನಕ್ಕೆ ಕೈಹಿಡಿದು ಕರೆದೊಯ್ದರೆ ನನ್ನ ಬೆರಳುಗಳೇ ಮೂಡುತ್ತಿದ್ದವು. ಸಂಜೆ ಕೆಳಗಡೆ ಬೆಂಚಿನ ಮೇಲೆ ಅವರನ್ನು ಕೂರಿಸಿದಾಗ ಹೆಂಗಸರ ಕಣ್ಣು ಮೊದಲು ಅವರ ತೋಳಿನ ಮೇಲೆ, ಆಮೇಲೆ ನನ್ನ ಮುಖದ ಮೇಲೆ. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕೊನೆಗೆ ಅತ್ತೆಯೇ ಒಂದು ದಿನ ನಕ್ಕು, “ನಮ್ಮ ಸೊಸೆ ಹೊಡೆದದ್ದಲ್ಲ ಮಾರಾಯರೇ, ಮಾತ್ರೆ ಹೊಡೆದದ್ದು” ಎಂದುಬಿಟ್ಟರು. ಆ ರಾತ್ರಿ ನಾನು ಅಡಿಗೆಮನೆಯಲ್ಲಿ ನಿಂತು ಚೆನ್ನಾಗಿ ಅತ್ತೆ.

ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಅವರ ಪೆಟ್ಟುಗಳನ್ನೂ ಬರೆದಿಡುತ್ತಿದ್ದೆ: ಯಾವ ದಿನ, ಎಲ್ಲಿ, ಎಷ್ಟು ಅಗಲ. ಅದನ್ನು ನೋಡಿ ಡಾಕ್ಟರು ಐ.ಎನ್.ಆರ್. ಪರೀಕ್ಷೆ ಮಾಡಿಸಿ ಮಾತ್ರೆಯ ಪ್ರಮಾಣ ಇಳಿಸಿದ್ದುಂಟು. ನಾವಾಗಿಯೇ ಮಾತ್ರೆ ನಿಲ್ಲಿಸುವಂತಿಲ್ಲ, ಪಾರ್ಶ್ವವಾಯುವಿನ ಭಯ. ಒಮ್ಮೆ ಅವರು ಬಚ್ಚಲಿನಲ್ಲಿ ಜಾರಿ ತಲೆ ತಾಗಿಸಿಕೊಂಡರು. ಊತವಿಲ್ಲ, ನೋವಿಲ್ಲ, “ಸುಮ್ಮನೆ ಯಾಕೆ ಖರ್ಚು” ಎಂದರು. ಆದರೂ ಕರೆದುಕೊಂಡು ಹೋಗಿ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ಈ ಮಾತ್ರೆ ನುಂಗುವವರ ತಲೆಗೆ ಪೆಟ್ಟಾದರೆ ಅದು ಮನೆಮದ್ದಿನ ವಿಷಯವೇ ಅಲ್ಲ. ಅಂದು ದೇವರ ದಯೆ, ಏನೂ ಆಗಿರಲಿಲ್ಲ. ಅತ್ತೆ 2022ರಲ್ಲಿ ನಿದ್ದೆಯಲ್ಲೇ ತೀರಿಕೊಂಡರು.

ಪರರ ತೋಳಿನ ನೀಲಿಗೆ ನಾನು ಅವಸರದ ತೀರ್ಪು ಕೊಡದಿರಲು ಅದೇ ಕಾರಣ. ಹಾಗೆಂದು ಕಣ್ಣು ಮುಚ್ಚಿಕೊಂಡೂ ಇರಲಾರೆ. ನಮ್ಮ ಮನೆಗೆಲಸಕ್ಕೆ ಬರುವಾಕೆಯ ತೋಳಿನ ಒಳಭಾಗದಲ್ಲಿ ನಾಲ್ಕು ಬೆರಳಿನ ಗುರುತು ಕಂಡಿತು. “ನಲ್ಲಿಗೆ ತಾಗಿತು, ವಹಿನಿ” ಎಂದಳು. ಬಿದ್ದರೆ ಪೆಟ್ಟಾಗುವುದು ಮೊಣಕಾಲು, ಮೊಣಕೈ, ಹಣೆಗೆ. ತೋಳಿನ ಒಳಭಾಗವನ್ನು ನಲ್ಲಿ ಹುಡುಕಿಕೊಂಡು ಬರುವುದಿಲ್ಲ. ಏನೂ ಕೇಳದೆ ಬರ್ಫ ಕೊಟ್ಟು, ಚಹಾ ಮಾಡಿ ಕೂರಿಸಿದೆ. ಮೂರನೆಯ ಸಲ ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, “ಯಾರು?” ಎಂದಷ್ಟೇ ಕೇಳಿದೆ. ಹೇಳಿದಳು. ಕುಡಿದು ಬಂದ ರಾತ್ರಿಗಳ ಲೆಕ್ಕವನ್ನೂ ಹೇಳಿದಳು.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ಬಗ್ಗೆ, ಗಂಡನ ಮನೆಯಲ್ಲಿ ವಾಸಿಸುವ ಹಕ್ಕಿನ ಬಗ್ಗೆ ತಿಳಿಸಿದೆ. ಮಹಿಳಾ ಸಹಾಯವಾಣಿ 181 ಎಂಬುದನ್ನು ಕಂಠಪಾಠ ಮಾಡಿಸಿದೆ. ದೂರು ಕೊಡಲು ಅವಳಿನ್ನೂ ಸಿದ್ಧಳಿಲ್ಲ. “ಮಗಳ ಹತ್ತನೇ ಮುಗಿಯಲಿ, ವಹಿನಿ” ಎನ್ನುತ್ತಾಳೆ. ಅವಳ ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಎರಡು ಜೊತೆ ಬಟ್ಟೆ ಇರುವ ಚೀಲ ನಮ್ಮ ಕಪಾಟಿನಲ್ಲಿದೆ. ಯಾವ ಹೊತ್ತಿನಲ್ಲಿ ಬಂದು ಬೆಲ್ ಒತ್ತಿದರೂ ಬಾಗಿಲು ತೆರೆಯುವುದೆಂದು ನಮ್ಮ ಯಜಮಾನರೂ ಅವಳಿಗೆ ಹೇಳಿದ್ದಾರೆ.

ಸೋದರಿಯರೇ, ಪೆಟ್ಟಿಲ್ಲದೆ ಮೈಮೇಲೆ ಮತ್ತೆ ಮತ್ತೆ ನೀಲಿ ಮೂಡಿದರೆ, ಒಸಡಿನಿಂದ ರಕ್ತ ಬಂದರೆ, ಜ್ವರದೊಡನೆ ಸಣ್ಣ ಕೆಂಪು ಚುಕ್ಕೆ ಕಂಡರೆ, ಊತ ಏರುತ್ತಲೇ ಹೋದರೆ, ಕಾಲೂರಲಾಗದಿದ್ದರೆ ಡಾಕ್ಟರ ಬಳಿ ಹೋಗಿ. ಉಳಿದದ್ದಕ್ಕೆ ಬರ್ಫ, ವಿಶ್ರಾಂತಿ, ತಾಳ್ಮೆ ಸಾಕು. ಆದರೆ ಯಾರದೇ ಮೈಮೇಲಿನ ಮೂಗೇಟು ಕಂಡಾಗ ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಬೇಡಿ. ಅವರನ್ನೇ, ಒಬ್ಬರೇ ಇದ್ದಾಗ, ಮೆಲ್ಲಗೆ ಕೇಳಿ. ಏಟಿಗೆ ಬಾಯಿಲ್ಲ, ನಮಗಿದೆಯಲ್ಲ.